ಫ್ಲ್ಯಾಶ್ ಬಳಸೋದು ಹೇಗೆ? ಒಂದು ತೆಂಗಿನಕಾಯಿ ಇಟ್ಟುಕೊಂಡು ಕಲಿಯೋಣ

ನಾನು ಮೊದಲ ಸಲ ಫ್ಲ್ಯಾಶ್ ಹಿಡಿದದ್ದು ಅಕ್ಕನ ಮಗಳ ನಾಮಕರಣದ ದಿನ. ಹಿಂದಿನ ರಾತ್ರಿಯಷ್ಟೇ ಡಬ್ಬಿ ಬಿಚ್ಚಿದ್ದೆ. ಕ್ಯಾಮೆರಾ ತಲೆ ಮೇಲೆ ಸಿಕ್ಕಿಸಿದೆ, ನೇರ ಎಲ್ಲರ ಮುಖಕ್ಕೆ ಗುರಿಯಿಟ್ಟೆ, ಮುನ್ನೂರು ಚಿಲ್ಲರೆ ಫೋಟೊ ತೆಗೆದೆ. ರಾತ್ರಿ ಊಟ ಆದ ಮೇಲೆ ಟಿವಿಗೆ ಹಾಕಿ ತೋರಿಸಿದಾಗ ಅಜ್ಜಿ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಏನೋ ಇದು, ಎಲ್ರ ಮುಖಕ್ಕೂ ಸುಣ್ಣ ಬಳಿದಿದ್ದೀಯಲ್ಲೋ" ಅಂದರು.

ಅಜ್ಜಿ ಹೇಳಿದ್ದು ಸರಿಯಾಗಿಯೇ ಇತ್ತು. ಮುಖ ಬೆಳ್ಳಗೆ, ಹಣೆ ಎಣ್ಣೆ ಹಚ್ಚಿದ ಹಾಗೆ ಫಳಫಳ, ಬೆನ್ನ ಹಿಂದೆ ಗೋಡೆ ಮೇಲೆ ಕಪ್ಪು ನೆರಳು, ಅದರಾಚೆ ಅಮಾವಾಸ್ಯೆ. ಅಕ್ಕ ಎರಡು ಗಂಟೆ ಕೂತು ತೊಟ್ಟಿಲಿಗೆ ಹೂವು ಕಟ್ಟಿದ್ದಳು. ಅದು ಒಂದು ಫೋಟೊದಲ್ಲೂ ಸರಿಯಾಗಿ ಕಾಣಲಿಲ್ಲ.

ಕತ್ತಲಾದಾಗ ಹಾಕುವ ದೀಪ ಅಂತಷ್ಟೇ ನಾನು ಫ್ಲ್ಯಾಶನ್ನು ತಿಳಿದಿದ್ದೆ. ಫ್ಲ್ಯಾಶ್ ಹಾಕಿ ತೆಗೆಯುವ ಪ್ರತಿ ಫೋಟೊದಲ್ಲೂ ಎರಡು ಬೆಳಕು ಇರುತ್ತವೆ ಅನ್ನೋದು ಗೊತ್ತಾಗಲು ನನಗೆ ವರ್ಷ ಹಿಡಿಯಿತು. ಒಂದು ಜಾಗದ ಬೆಳಕು: ಟ್ಯೂಬ್‌ಲೈಟು, ಕಿಟಕಿ, ಬಿಸಿಲು, ದೀಪ. ಇನ್ನೊಂದು ನೀವು ತಂದದ್ದು. ಎರಡನ್ನೂ ಬೇರೆ ಬೇರೆಯಾಗಿ ಜಾಸ್ತಿ ಕಡಿಮೆ ಮಾಡಬಹುದು. ಇದೊಂದು ಕೈಗೆ ಹತ್ತಿದರೆ ಉಳಿದದ್ದು ಅಭ್ಯಾಸ. ಅದನ್ನು ಕೈಗೆ ಹತ್ತಿಸೋಕೆ ಎರಡು ಸಂಜೆ ಸಾಕು.

## ಸಾಮಾನು

ಕ್ಯಾಮೆರಾದಲ್ಲೇ ಬರುವ, ಗುಂಡಿ ಒತ್ತಿದರೆ ಚಿಮ್ಮಿ ನಿಲ್ಲುವ ಪುಟ್ಟ ಫ್ಲ್ಯಾಶ್ ಇದೆಯಲ್ಲ, ಅದನ್ನು ಮರೆತುಬಿಡಿ. ಅದರ ಕತ್ತು ತಿರುಗುವುದಿಲ್ಲ. ಲೆನ್ಸಿಗೆ ತೀರಾ ಹತ್ತಿರ ಇರುವುದರಿಂದ ಬೆಳಕು ನೇರ ಕಣ್ಣಿನೊಳಗೆ ಹೋಗಿ, ಹಿಂದಿನ ರಕ್ತನಾಳಗಳ ಕೆಂಪು ಹೊತ್ತು ಲೆನ್ಸಿಗೆ ವಾಪಸ್ ಬರುತ್ತದೆ. ಫೋಟೊದಲ್ಲಿ ಕೆಂಪು ಕಣ್ಣು ಬರೋದು ಹೀಗೆ.

ನಿಮಗೆ ಬೇಕಾದ್ದು ಕತ್ತು ಮೇಲಕ್ಕೂ ಪಕ್ಕಕ್ಕೂ ತಿರುಗುವ ಫ್ಲ್ಯಾಶ್. ಇದರಲ್ಲಿ ಎರಡು ಜಾತಿ. ಒಂದರಲ್ಲಿ ಶಕ್ತಿಯನ್ನು ನೀವೇ ಕೈಯಾರೆ ಇಡಬೇಕು. ಗೋಡಾಕ್ಸ್ ಟಿಟಿ600 ಈ ತರದ್ದು, ಬೆಲೆಯೂ ಕಡಿಮೆ. ಇನ್ನೊಂದರಲ್ಲಿ ಟಿಟಿಎಲ್ ಇರುತ್ತದೆ, ಅಂದರೆ ಎಷ್ಟು ಬೆಳಕು ಬೇಕು ಅಂತ ಕ್ಯಾಮೆರಾವೇ ಲೆಕ್ಕ ಹಾಕುತ್ತದೆ. ಅದು ನಿಮ್ಮ ಕ್ಯಾಮೆರಾ ಕಂಪನಿಗೆ ಹೊಂದುವುದೇ ಆಗಿರಬೇಕು. ಕ್ಯಾನನ್ನಿನದು ನಿಕಾನ್‌ಗೆ ಆಗುವುದಿಲ್ಲ. ಕಲಿಯಲು ಮೊದಲನೆಯದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಮದುವೆ ಕೆಲಸ ಹಿಡಿಯುವ ಯೋಚನೆ ಇದ್ದರೆ ಮಾತ್ರ ಟಿಟಿಎಲ್ ಇರುವುದಕ್ಕೆ ದುಡ್ಡು ಹಾಕಿ.

ಕೊಳ್ಳುವ ಮುಂಚೆ ಕ್ಯಾಮೆರಾ ತಲೆ ಮೇಲೆ ಫ್ಲ್ಯಾಶ್ ಸಿಕ್ಕಿಸುವ ಹಾಟ್‌ಶೂ ನೋಡಿ. ಮಧ್ಯದಲ್ಲಿ ಒಂದು ದೊಡ್ಡ ಲೋಹದ ಚುಕ್ಕಿ ಇರಬೇಕು. ಕೈಯಾರೆ ನಡೆಸುವ ಫ್ಲ್ಯಾಶಿಗೆ 'ಹೊತ್ತಿಕೋ' ಅನ್ನುವ ಸಂದೇಶ ಹೋಗುವುದು ಅದರಿಂದ. ಕ್ಯಾನನ್ 200ಡಿ ಮಾರ್ಕ್ 2, 3000ಡಿ ತರದ ಕೆಲವು ಕ್ಯಾಮೆರಾಗಳಲ್ಲಿ ಆ ಚುಕ್ಕಿ ಇಲ್ಲ. ಅವಕ್ಕೆ ಕ್ಯಾನನ್ ಟಿಟಿಎಲ್‌ಗೆ ಹೊಂದುವ ಫ್ಲ್ಯಾಶೇ ಬೇಕು. ಇದು ತಿಳಿಯದೆ ತಂದು, ಫ್ಲ್ಯಾಶ್ ಕೆಟ್ಟಿದೆ ಅಂತ ವಾಪಸ್ ಕಳಿಸುವವರು ಇದ್ದಾರೆ.

ಮಾವನ ಬೀರುವಿನಲ್ಲಿ ಫಿಲ್ಮ್ ಕಾಲದ ಹಳೇ ಫ್ಲ್ಯಾಶ್ ಸಿಕ್ಕಿತು ಅಂತ ಸಿಕ್ಕಿಸಬೇಡಿ. ಅವುಗಳಲ್ಲಿ ಕೆಲವು ಹಾಟ್‌ಶೂಗೆ 200 ವೋಲ್ಟಿಗಿಂತ ಜಾಸ್ತಿ ಬಿಡುತ್ತವೆ. ಡಿಜಿಟಲ್ ಕ್ಯಾಮೆರಾ ಸುಟ್ಟುಹೋಗಬಹುದು. ಯಾವ ಫ್ಲ್ಯಾಶನ್ನೂ ಬಿಚ್ಚಿ ನೋಡುವ ಸಾಹಸವೂ ಬೇಡ. ಆಫ್ ಮಾಡಿದ ಮೇಲೂ ಒಳಗಿನ ಕೆಪ್ಯಾಸಿಟರ್ ಸುಮಾರು 300 ವೋಲ್ಟ್ ಹಿಡಿದಿಟ್ಟುಕೊಂಡಿರುತ್ತದೆ.

ಇನ್ನು ಸೆಲ್. ಸಾಮಾನ್ಯವಾಗಿ ನಾಲ್ಕು ಎಎ ಸೆಲ್ ಬೇಕು. ಅಂಗಡಿಯಲ್ಲಿ ಸಿಗುವ ಬಿಸಾಡುವ ಸೆಲ್ ಬೇಡ, ಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ತನ್ನಿ. ವೋಲ್ಟೇಜ್ 1.2 ಮಾತ್ರ, ಆದರೂ ಒಮ್ಮೆಲೇ ಜಾಸ್ತಿ ಕರೆಂಟ್ ಕೊಡುತ್ತವೆ, ಹಾಗಾಗಿ ಫ್ಲ್ಯಾಶ್ ಬೇಗ ಮತ್ತೆ ತಯಾರಾಗುತ್ತದೆ. ಎಂಟು ಸೆಲ್ ತೆಗೆದುಕೊಂಡು ಒಂದು ಗುಂಪಿಗೆ ಅ, ಇನ್ನೊಂದಕ್ಕೆ ಆ ಅಂತ ಮಾರ್ಕರಿನಲ್ಲಿ ಬರೆದಿಡಿ. ಹಳೇದು ಹೊಸದು ಬೆರೆಸಬೇಡಿ.

ಡಬ್ಬಿ ಮೇಲೆ ಗೈಡ್ ನಂಬರ್ (ಫ್ಲ್ಯಾಶಿನ ಬೆಳಕು ಎಷ್ಟು ಜೋರು ಅನ್ನುವ ಅಂಕೆ) 60 ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅದು ಫ್ಲ್ಯಾಶನ್ನು 200 ಎಂಎಂಗೆ ಜೂಮ್ ಮಾಡಿ, ಬೆಳಕನ್ನೆಲ್ಲ ಟಾರ್ಚಿನ ಹಾಗೆ ಒಂದೇ ಕಡೆ ಕೂಡಿಸಿದಾಗಿನ ಲೆಕ್ಕ. ಮನೆಯೊಳಗೆ ಅಷ್ಟು ಸಿಗುವುದಿಲ್ಲ, ಬೇಕಾಗುವುದೂ ಇಲ್ಲ.

## ಮೊದಲ ಸಂಜೆ: ಕಾಯಿ, ಸ್ಟೂಲು, ಕ್ಯಾಲೆಂಡರ್

ಅಭ್ಯಾಸಕ್ಕೆ ಮನೆಯವರನ್ನು ನಿಲ್ಲಿಸಿದರೆ ಹತ್ತು ನಿಮಿಷಕ್ಕೆ ಎದ್ದುಹೋಗುತ್ತಾರೆ. ಜುಟ್ಟು ಇರುವ ಒಂದು ತೆಂಗಿನಕಾಯಿ ತನ್ನಿ. ದುಂಡಗಿದೆ, ಮೈಯೆಲ್ಲ ನಾರು. ಬೆಳಕು ಯಾವ ಕಡೆಯಿಂದ ಬಿತ್ತು ಅಂತ ನಾರು ತಪ್ಪದೆ ಹೇಳುತ್ತದೆ. ಕಣ್ಣು ಮುಚ್ಚುವ ತಾಪತ್ರಯವೂ ಇಲ್ಲ.

ಹಾಲಿನಲ್ಲಿ ಒಂದು ಸ್ಟೂಲ್ ಮೇಲೆ, ಲೋಟದ ಬಾಯಿಗೆ ಕಾಯಿ ಕೂರಿಸಿ. ಅದರ ಹಿಂದೆ ಎರಡು ಮೂರು ಮೀಟರ್ ದೂರದಲ್ಲಿ ಗೋಡೆ, ಗೋಡೆ ಮೇಲೆ ಒಂದು ಕ್ಯಾಲೆಂಡರ್ ಇರಲಿ. ಕತ್ತಲಾದ ಮೇಲೆ ಟ್ಯೂಬ್‌ಲೈಟ್ ಹಾಕಿಯೇ ಶುರುಮಾಡಿ. ಕ್ಯಾಮೆರಾವನ್ನು ಟ್ರೈಪಾಡ್ ಮೇಲೋ, ಪುಸ್ತಕದ ರಾಶಿ ಮೇಲೋ ಇಟ್ಟು, ಕಾಯಿಗೆ ಎರಡು ಮೀಟರ್ ದೂರ ನಿಲ್ಲಿಸಿ.

ಕ್ಯಾಮೆರಾ ಎಂ, ಅಂದರೆ ಎಲ್ಲವನ್ನೂ ನೀವೇ ಇಡುವ ಮ್ಯಾನುಯಲ್ ಮೋಡ್‌ನಲ್ಲಿ ಇರಲಿ. ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕೆ) 400, ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ) ಎಫ್/5.6, ಶಟರ್ (ಬೆಳಕು ಒಳಗೆ ಬಿಡುವ ಬಾಗಿಲು, ಅದು ತೆರೆದಿರುವ ಹೊತ್ತು ಸೆಕೆಂಡಿನ ಲೆಕ್ಕದಲ್ಲಿ) 1/200. ಮಿರರ್‌ಲೆಸ್ ಕ್ಯಾಮೆರಾ ಆದರೆ ಎರಡು ವಿಷಯ ನೋಡಿಕೊಳ್ಳಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಆನ್ ಇದ್ದರೆ ಹೆಚ್ಚಿನ ಕ್ಯಾಮೆರಾಗಳಲ್ಲಿ ಫ್ಲ್ಯಾಶ್ ಹೊತ್ತುವುದೇ ಇಲ್ಲ, ಅದನ್ನು ಮೆಕ್ಯಾನಿಕಲ್‌ಗೆ ಬದಲಿಸಿ. ಪರದೆ ಪೂರ್ತಿ ಕಪ್ಪಾಗಿ ಏನೂ ಕಾಣದಿದ್ದರೆ ಎಕ್ಸ್‌ಪೋಶರ್ ಮೊದಲೇ ತೋರಿಸುವ ಆಯ್ಕೆಯನ್ನು ಮೆನುವಿನಲ್ಲಿ ಆಫ್ ಮಾಡಿ.

ಮೊದಲ ಫೋಟೊ ಫ್ಲ್ಯಾಶ್ ಇಲ್ಲದೆ. ಹೆಚ್ಚುಕಮ್ಮಿ ಕಪ್ಪು ಬರುತ್ತದೆ. ಬರಲೇಬೇಕು. ಈಗ ಟ್ಯೂಬ್‌ಲೈಟ್ ಬೆಳಕು ನಿಮ್ಮ ಫೋಟೊದಿಂದ ಆಚೆ ಹೋಯಿತು.

ಫ್ಲ್ಯಾಶ್ ಸಿಕ್ಕಿಸಿ. ಅದರ ಪರದೆಯಲ್ಲಿ ಎಂ ಇರಲಿ, ಜೂಮ್ 35, ತಲೆ ನೇರ ಮುಂದಕ್ಕೆ. ಶಕ್ತಿ 1/128 (ಪೂರ್ತಿ ಶಕ್ತಿಯ 128ರ ಒಂದು ಪಾಲು) ಇಟ್ಟು ಒಂದು ಫೋಟೊ. ಆಮೇಲೆ 1/64, 1/32, 1/16, ಹೀಗೆ 1/1ರ ತನಕ ಹತ್ತಿ. ಪ್ರತಿ ಹೆಜ್ಜೆಗೂ ಬೆಳಕು ಎರಡರಷ್ಟಾಗುತ್ತದೆ. 1/32 ಅಥವಾ 1/64ರ ಹತ್ತಿರ ಕಾಯಿ ಸರಿಯಾಗಿ ಕಾಣುತ್ತದೆ. 1/1ಕ್ಕೆ ಬರುವಾಗ ಕಾಯಿಯ ನಾರೆಲ್ಲ ಅಳಿಸಿ ಬಿಳೀ ಚೆಂಡು. ಅಜ್ಜಿ ಹೇಳಿದ ಸುಣ್ಣ ಇದೇ.

ಈಗ ಮುಖ್ಯ ಪಾಠ. ಶಕ್ತಿಯನ್ನು ಸರಿ ಬಂದ ಕಡೆ ನಿಲ್ಲಿಸಿ, ಅದನ್ನು ಮುಟ್ಟಬೇಡಿ. ಶಟರ್ ಮಾತ್ರ ನಿಧಾನ ಮಾಡುತ್ತ ಬನ್ನಿ: 1/200, 1/60, 1/30, 1/15, 1/5. ಆರು ಸೆಕೆಂಡಿಗೊಂದು ಫೋಟೊ ತೆಗೆದರೂ ಅರ್ಧ ನಿಮಿಷದ ಕೆಲಸ. ಆಮೇಲೆ ಒಂದಾದ ಮೇಲೊಂದು ನೋಡಿ. ಕಾಯಿ ಹೆಚ್ಚುಕಮ್ಮಿ ಹಾಗೇ ಇದೆ. ಹಿಂದಿನ ಕ್ಯಾಲೆಂಡರ್ ಮಾತ್ರ ಕತ್ತಲಿಂದ ಮೆಲ್ಲಗೆ ಎದ್ದು ಬರುತ್ತಿದೆ. 1/15ಕ್ಕೆ ದೇವರ ಚಿತ್ರ ಗುರುತು ಸಿಗುತ್ತದೆ. 1/5ಕ್ಕೆ ತಾರೀಖು ಓದಬಹುದು. ಕೊನೆಯ ಒಂದೆರಡರಲ್ಲಿ ಕಾಯಿಯೂ ಚೂರು ಬೆಳಗಿರುತ್ತದೆ, ಏಕೆಂದರೆ ಟ್ಯೂಬ್‌ಲೈಟ್ ಅದರ ಮೇಲೂ ಬೀಳುತ್ತಿದೆಯಲ್ಲ.

ಯಾಕೆ ಹೀಗೆ? ಫ್ಲ್ಯಾಶ್ ಹೊತ್ತಿ ಆರುವುದಕ್ಕೆ ಸೆಕೆಂಡಿನ ಸಾವಿರದ ಒಂದು ಪಾಲೋ, ಅದಕ್ಕಿಂತ ಕಡಿಮೆಯೋ ಸಾಕು. ಶಕ್ತಿ ಕಡಿಮೆ ಇಟ್ಟರೆ ಇನ್ನೂ ಚಿಕ್ಕದಾಗುತ್ತದೆ. ಆ ಮಿಂಚು ಮುಗಿದ ಮೇಲೆ ಶಟರ್ ಎಷ್ಟು ಹೊತ್ತು ತೆರೆದಿದ್ದರೂ ಫ್ಲ್ಯಾಶ್ ಬೆಳಕಿಗೆ ಸಂಬಂಧವಿಲ್ಲ. ಟ್ಯೂಬ್‌ಲೈಟ್ ಬೆಳಕಾದರೋ ನಲ್ಲಿ ನೀರಿನ ಹಾಗೆ ಸುರಿಯುತ್ತಲೇ ಇರುತ್ತದೆ. ಬಾಗಿಲು ಎಷ್ಟು ಹೊತ್ತು ತೆರೆದರೆ ಅಷ್ಟು ಒಳಗೆ ಬರುತ್ತದೆ. ಹಾಗಾಗಿ ಜಾಗದ ಬೆಳಕಿಗೆ ಶಟರ್, ನಿಮ್ಮ ಬೆಳಕಿಗೆ ಫ್ಲ್ಯಾಶಿನ ಶಕ್ತಿ. ಅಪರ್ಚರ್ ಮತ್ತು ಐಎಸ್‌ಒ ಎರಡೂ ಬೆಳಕನ್ನು ಒಟ್ಟಿಗೆ ಏರಿಸಿ ಇಳಿಸುತ್ತವೆ.

ನಾಮಕರಣದ ದಿನ ನಾನು ಶಟರನ್ನು 1/200ರಿಂದ 1/30ಕ್ಕೆ ಇಳಿಸಿ, ಐಎಸ್‌ಒ ಒಂದಿಷ್ಟು ಏರಿಸಿದ್ದರೆ ತೊಟ್ಟಿಲ ಹೂವು ಕಾಣುತ್ತಿತ್ತು.

ಏಳುವ ಮುಂಚೆ ಒಂದು ತಪ್ಪನ್ನು ಬೇಕಂತಲೇ ಮಾಡಿ. ಶಟರ್ 1/500 ಅಥವಾ 1/1000 ಇಟ್ಟು ತೆಗೆಯಿರಿ. ಫೋಟೊದ ಒಂದು ಅಂಚಿಗೆ ಅಡ್ಡಡ್ಡ ಕಪ್ಪು ಪಟ್ಟಿ ಬರುತ್ತದೆ. ಕ್ಯಾಮೆರಾದೊಳಗೆ ಶಟರಿಗೆ ಸರಿಯುವ ಎರಡು ಪರದೆಗಳಿರುತ್ತವೆ. ಶಟರ್ ತುಂಬಾ ವೇಗವಾದಾಗ ಮೊದಲನೆಯದು ಪೂರ್ತಿ ಸರಿಯುವ ಮುಂಚೆಯೇ ಎರಡನೆಯದು ಹೊರಟಿರುತ್ತದೆ. ಆಗ ಹೊತ್ತಿದ ಫ್ಲ್ಯಾಶಿಗೆ ಪೂರ್ತಿ ತೆರೆದ ಕಿಟಕಿ ಸಿಗುವುದಿಲ್ಲ. ಹೆಚ್ಚಿನ ಕ್ಯಾಮೆರಾಗಳಲ್ಲಿ ಈ ಮಿತಿ 1/200 ಅಥವಾ 1/250. ಅದನ್ನು ಸಿಂಕ್ ಸ್ಪೀಡ್ ಅನ್ನುತ್ತಾರೆ. ಕೆಲವು ಕ್ಯಾಮೆರಾಗಳು ನಿಮ್ಮನ್ನು ಅದಕ್ಕಿಂತ ಮೇಲೆ ಹೋಗಲು ಬಿಡುವುದೇ ಇಲ್ಲ. ಹೈಸ್ಪೀಡ್ ಸಿಂಕ್ ಅನ್ನುವ ಆಯ್ಕೆ ಇರುವ ಫ್ಲ್ಯಾಶುಗಳು ಇದನ್ನು ದಾಟುತ್ತವೆ, ಆದರೆ ಶಕ್ತಿ ಬಹಳ ಕುಸಿಯುತ್ತದೆ. ಈಗ ಅದು ಬೇಡ.

## ಎರಡನೇ ಸಂಜೆ: ಕತ್ತು ತಿರುಗಿಸಿ

ಅದೇ ಕಾಯಿ, ಅದೇ ಸ್ಟೂಲ್. ನಿನ್ನೆ ತೆಗೆದ ಫೋಟೊ ಒಮ್ಮೆ ನೋಡಿ. ಬೆಳಕು ಅಳತೆಗೆ ಸರಿ ಇದ್ದರೂ ಕಾಯಿ ಚಪ್ಪಟೆಯಾಗಿದೆ, ಅಲ್ವಾ? ದುಂಡಗಿನ ವಸ್ತು ತಟ್ಟೆಯ ಹಾಗೆ ಕಾಣುತ್ತಿದೆ. ಲೆನ್ಸ್ ಇರುವ ಕಡೆಯಿಂದಲೇ ಬೆಳಕೂ ಹೋದರೆ ನೆರಳೆಲ್ಲ ಹಿಂದೆ ಅಡಗುತ್ತದೆ. ನೆರಳಿಲ್ಲದೆ ಮೈಕಟ್ಟು ಕಾಣುವುದಿಲ್ಲ.

ಈಗ ಫ್ಲ್ಯಾಶಿನ ತಲೆಯನ್ನು ಎಡಕ್ಕೆ ತಿರುಗಿಸಿ, ಪಕ್ಕದ ಬಿಳಿ ಗೋಡೆಗೆ ಹೊಡೆಯಿರಿ. ಗೋಡೆಗೆ ಹೋಗಿ ಬರುವಷ್ಟರಲ್ಲಿ ಬೆಳಕು ಚದುರಿ ಕಡಿಮೆಯಾಗುತ್ತದೆ. ಹಾಗಾಗಿ 1/32 ಇದ್ದದ್ದನ್ನು 1/8 ಅಥವಾ 1/4ಕ್ಕೆ ಏರಿಸಬೇಕಾಗುತ್ತದೆ. ಒಂದು ಫೋಟೊ ತೆಗೆಯಿರಿ.

ನನಗೆ ಫ್ಲ್ಯಾಶ್ ಮೇಲೆ ಪ್ರೀತಿ ಹುಟ್ಟಿದ್ದು ಈ ಫೋಟೊದಿಂದ. ಕಾಯಿಯ ಎಡಭಾಗ ಬೆಳಗಿ, ನಡುವೆ ಮೆಲ್ಲಗೆ ಕಂದು ಇಳಿದು, ಬಲಕ್ಕೆ ಹೋಗುತ್ತ ನೆರಳಾಗಿತ್ತು. ಒಂದೊಂದು ನಾರಿಗೂ ತನ್ನದೇ ಸಣ್ಣ ನೆರಳು. ಬೆಳಗ್ಗೆ ಎಂಟು ಗಂಟೆಗೆ ಕಿಟಕಿ ಪಕ್ಕ ಇಟ್ಟು ತೆಗೆದಿದ್ದು ಅಂದರೆ ಯಾರಾದರೂ ನಂಬುತ್ತಾರೆ. ಫ್ಲ್ಯಾಶಿನ ಮುಖ ನಾಲ್ಕು ಬೆರಳಗಲ, ಅದರಿಂದ ಬರುವ ನೆರಳು ಕತ್ತರಿಸಿದ ಹಾಗೆ. ಗೋಡೆ ಮೇಲೆ ಬಿದ್ದ ಬೆಳಕಿನ ಮಚ್ಚೆ ಒಂದು ಮೀಟರ್ ಅಗಲ. ಈಗ ಆ ಮಚ್ಚೆಯೇ ನಿಮ್ಮ ದೀಪ. ದೀಪ ದೊಡ್ಡದಾದಷ್ಟೂ ನೆರಳಿನ ಅಂಚು ಮೆತ್ತಗಾಗುತ್ತದೆ.

ಎತ್ತ ತಿರುಗಿಸಬೇಕು ಅಂತ ತಿಳಿಯದಿದ್ದರೆ ನಾನು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ಕೋಣೆಯಲ್ಲಿ ಕಿಟಕಿ ಎಲ್ಲಿದ್ದಿದ್ದರೆ ಚೆನ್ನಾಗಿತ್ತು? ಅತ್ತ ಹೊಡೆಯುವುದು. ಬಹಳ ಜನ ಸುಮ್ನೆ ತಲೆಯನ್ನು ನೆಟ್ಟಗೆ ಸೀಲಿಂಗಿಗೆ ಎತ್ತಿಬಿಡುತ್ತಾರೆ. ನೇರ ಹೊಡೆಯುವುದಕ್ಕಿಂತ ವಾಸಿ, ಆದರೆ ಬೆಳಕು ನೆತ್ತಿ ಮೇಲಿಂದ ಬಿದ್ದು ಕಣ್ಣಿನ ಗುಳಿ ಕಪ್ಪಾಗುತ್ತದೆ. ಕಣ್ಣು ಒಳಗೆ ಹೋದ ವಯಸ್ಸಾದವರಿಗೆ ಇದು ತೀರಾ ಅನ್ಯಾಯ. ಪಕ್ಕದ ಗೋಡೆ ಮತ್ತು ಸೀಲಿಂಗ್ ಸೇರುವ ಮೂಲೆಗೋ, ನಿಮ್ಮ ಹೆಗಲ ಹಿಂದಕ್ಕೋ ತಿರುಗಿಸಿ ನೋಡಿ. ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದಾಗ ಫ್ಲ್ಯಾಶ್ ಮಲಗುತ್ತದೆ, ತಲೆಯನ್ನು ಮತ್ತೆ ತಿರುಗಿಸಲು ಮರೆಯಬೇಡಿ. ನಾನು ಈಗಲೂ ಮರೆಯುತ್ತೇನೆ.

ಪಕ್ಕಕ್ಕೆ ತಿರುಗಿಸಿದರೂ ಒಂದಿಷ್ಟು ಬೆಳಕು ಫ್ಲ್ಯಾಶಿನ ಬದಿಯಿಂದ ಸೋರಿ ನೇರ ಮುಖಕ್ಕೆ ಬೀಳಬಹುದು. ಕಪ್ಪು ಚಾರ್ಟ್ ಪೇಪರ್ ಒಂದು ತುಂಡು ಕತ್ತರಿಸಿ, ಜನ ಇರುವ ಬದಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ. ಐದು ರೂಪಾಯಿ ಖರ್ಚಿಲ್ಲ. ಫ್ಲ್ಯಾಶ್ ಮೂತಿಗೆ ಹಾಕುವ ಬಿಳಿ ಪ್ಲಾಸ್ಟಿಕ್ ಟೋಪಿ ಇದೆಯಲ್ಲ, ಅದರಿಂದ ಮನೆಯೊಳಗೆ ಬೆಳಕು ಎಲ್ಲ ಗೋಡೆಗೂ ಚದುರಿ ಸ್ವಲ್ಪ ಉಪಯೋಗ ಆಗುತ್ತದೆ. ಬಯಲಿನಲ್ಲಿ ಅದನ್ನು ಹಾಕಿದರೆ ಸೆಲ್ ಖಾಲಿಯಾಗುವುದೊಂದೇ ಲಾಭ. ವಾಪಸ್ ಬರಲು ಅಲ್ಲಿ ಗೋಡೆ ಎಲ್ಲಿದೆ?

ಗೋಡೆಯ ಬಣ್ಣ ನೋಡಿಕೊಳ್ಳಿ. ಗೆಳೆಯನ ಮನೆಯ ಗೃಹಪ್ರವೇಶದಲ್ಲಿ ಪಿಸ್ತಾ ಹಸಿರು ಗೋಡೆಗೆ ಹೊಡೆದು ಹೊಡೆದು ಇಡೀ ನೆಂಟರ ಬಳಗಕ್ಕೆ ಕಾಮಾಲೆ ಬರಿಸಿದ್ದೇನೆ. ಬಿಳಿ ಅಥವಾ ಕೆನೆ ಬಣ್ಣ ಇದ್ದರೆ ಸರಿ. ಮಲೆನಾಡು, ಕರಾವಳಿಯ ಹೆಂಚಿನ ಮನೆಗಳಲ್ಲಿ ಇನ್ನೊಂದು ಕಷ್ಟ. ಮೇಲೆ ನೋಡಿದರೆ ತೊಲೆ, ರೀಪು, ಕಪ್ಪಾದ ಹೆಂಚು. ಎಷ್ಟು ಬೆಳಕು ಕೊಟ್ಟರೂ ನುಂಗುತ್ತದೆ. ಅಲ್ಲಿ ನಾನು ಬಿಳಿ ಪಂಚೆ ಕೇಳಿ ಇಸಿದುಕೊಳ್ಳುತ್ತೇನೆ. ಇಬ್ಬರು ಹುಡುಗರು ಎರಡು ತುದಿ ಹಿಡಿದು ನಿಂತರೆ ಅದೇ ಗೋಡೆ. ದೊಡ್ಡ ಥರ್ಮೋಕೋಲ್ ಹಾಳೆಯೂ ಆಗುತ್ತದೆ.

## ಟಿಟಿಎಲ್ ಯಾವಾಗ ಕೈಕೊಡುತ್ತದೆ

ಕಾಯಿ ಅಲ್ಲಾಡುವುದಿಲ್ಲ. ಜನ ಅಲ್ಲಾಡುತ್ತಾರೆ. ದೂರ ಬದಲಾದ ಹಾಗೆಲ್ಲ ಶಕ್ತಿ ಬದಲಿಸುತ್ತ ಕೂರಲು ಆಗುವುದಿಲ್ಲ ಅನ್ನುವಾಗ ಟಿಟಿಎಲ್ ಕೆಲಸಕ್ಕೆ ಬರುತ್ತದೆ. ಗುಂಡಿ ಒತ್ತಿದ ತಕ್ಷಣ ಫ್ಲ್ಯಾಶ್ ಒಂದು ಸಣ್ಣ ಮಿಂಚು ಬಿಡುತ್ತದೆ. ವಾಪಸ್ ಬಂದ ಬೆಳಕನ್ನು ಕ್ಯಾಮೆರಾ ಲೆನ್ಸ್ ಮೂಲಕ ಅಳೆದು, ಅಸಲಿ ಮಿಂಚು ಎಷ್ಟಿರಬೇಕು ಅಂತ ತೀರ್ಮಾನಿಸುತ್ತದೆ. ಇದೆಲ್ಲ ಕಣ್ಣಿಗೆ ಒಂದೇ ಮಿಂಚಿನ ಹಾಗೆ ಕಾಣುತ್ತದೆ.

ತೊಂದರೆ ಏನೆಂದರೆ ಕ್ಯಾಮೆರಾಗೆ ಎಲ್ಲವನ್ನೂ ನಡುವಿನ ಬೂದು ಬಣ್ಣಕ್ಕೆ ತರುವ ಚಟ. ಬಿಳಿ ಪಂಚೆ, ಬಿಳಿ ಶರ್ಟಿನ ನಾಲ್ಕು ಜನ ನಿಂತರೆ ಬೆಳಕು ಜಾಸ್ತಿಯಾಯಿತು ಅಂತ ತಿಳಿದು ಕಡಿಮೆ ಕೊಡುತ್ತದೆ. ಫೋಟೊ ಮಂಕು. ಕಪ್ಪು ಕೋಟಿನ ವಕೀಲರು ನಿಂತರೆ ಉಲ್ಟಾ, ಮುಖಕ್ಕೆ ಸುಣ್ಣ. ಅದಕ್ಕೇ ಕ್ಯಾಮೆರಾದ ಲೆಕ್ಕವನ್ನು ನೀವು ಏರಿಸಿ ಇಳಿಸುವ ಫ್ಲ್ಯಾಶ್ ಕಾಂಪೆನ್ಸೇಶನ್ ಇರುವುದು. ಬಿಳಿ ತುಂಬಿದಾಗ +1, ಕಪ್ಪು ತುಂಬಿದಾಗ −1. ಫೋಟೊ ನೋಡಿ ಚೂರು ಅತ್ತಿತ್ತ ಮಾಡಿ.

ಕೈಕೊಡುವುದರಲ್ಲಿ ಅಂತರಪಟದಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ. ಮುಹೂರ್ತಕ್ಕೆ ಮುಂಚೆ ಗಂಡು ಹೆಣ್ಣಿನ ನಡುವೆ ಬಿಳಿ ಬಟ್ಟೆ ಹಿಡಿದಿರುತ್ತಾರೆ. ಫೋಟೊದ ಅರ್ಧ ಬರೀ ಬಿಳಿ. ಟಿಟಿಎಲ್ ಬೆಳಕು ಕಡಿಮೆ ಮಾಡುತ್ತದೆ. ಮರುಕ್ಷಣ ಬಟ್ಟೆ ಕೆಳಗಿಳಿದು, ಜೀರಿಗೆ ಬೆಲ್ಲ ತಲೆ ಮೇಲೆ ಬೀಳುತ್ತದೆ. ಈಗ ಫೋಟೊ ತುಂಬ ಬಣ್ಣದ ಸೀರೆ, ಕಪ್ಪು ಕೂದಲು. ಲೆಕ್ಕ ಇನ್ನೊಂದು ಕಡೆ ಜಿಗಿಯುತ್ತದೆ. ಒಂದೇ ಜಾಗ, ಒಂದೇ ದೂರ, ಎರಡು ಸೆಕೆಂಡಿನಲ್ಲಿ ತೆಗೆದ ಐದು ಫೋಟೊ ಐದು ಬೆಳಕಿನಲ್ಲಿ ಬರುತ್ತವೆ.

ಅಲ್ಲಿ ಮ್ಯಾನುಯಲ್ ಹಾಕಿ. ಅವರು ಮಣೆ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ನೀವೂ ಜನರ ಮಧ್ಯೆ ಸಿಕ್ಕಿಕೊಂಡು ಅಲ್ಲಾಡುವ ಹಾಗಿಲ್ಲ. ದೂರ ಬದಲಾಗದಿದ್ದರೆ ಶಕ್ತಿ ಯಾಕೆ ಬದಲಾಗಬೇಕು? ಪುರೋಹಿತರು ಮಂತ್ರ ಹೇಳುತ್ತಿರುವಾಗಲೇ ಹುಡುಗನ ಮುಖದ ಮೇಲೆ ಎರಡು ಫೋಟೊ ತೆಗೆದು ಶಕ್ತಿ ಗೊತ್ತುಮಾಡಿಕೊಳ್ಳಿ. ನಾನು ಶುರುಮಾಡುವುದು 1/125, ಎಫ್/4, ಐಎಸ್‌ಒ 1600, ಶಕ್ತಿ 1/16ರ ಹತ್ತಿರ. ವಿಡಿಯೋದವರ ದೀಪ ಜೋರಾಗಿದ್ದರೆ ಐಎಸ್‌ಒ ಇಳಿಸುತ್ತೇನೆ.

ಐಎಸ್‌ಒ ಅಷ್ಟು ಮೇಲೆ ಯಾಕೆ ಅಂದಿರಾ? ಫ್ಲ್ಯಾಶ್ ಪೂರ್ತಿ ಶಕ್ತಿಯಲ್ಲಿ ಹೊತ್ತಿದರೆ ಮತ್ತೆ ತಯಾರಾಗಲು ಎರಡು ಮೂರು ಸೆಕೆಂಡ್ ಬೇಕು. ಸೆಲ್ ಸುಸ್ತಾಗಿದ್ದರೆ ಇನ್ನೂ ಜಾಸ್ತಿ. ಮಾಂಗಲ್ಯ ಕಟ್ಟುವುದು ನಿಮಗಾಗಿ ಕಾಯುವುದಿಲ್ಲ. 1/8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ನಾಲ್ಕೈದು ಫೋಟೊ ಪಟಪಟ ಬರುತ್ತವೆ, ಫ್ಲ್ಯಾಶೂ ಬಿಸಿಯಾಗುವುದಿಲ್ಲ. ತಲೆ ಬಿಸಿಯಾದರೆ ಕೆಲವು ಫ್ಲ್ಯಾಶ್ ತಾನೇ ಮುಷ್ಕರ ಹೂಡುತ್ತದೆ. ಹೊಸ ಸೆಲ್ ಹಾಕಬೇಕಾದ್ದು ಮುಹೂರ್ತಕ್ಕೆ ಮುಂಚೆ, ಮಧ್ಯೆ ಅಲ್ಲ.

ಅಕ್ಷತೆ ಗಾಳಿಯಲ್ಲಿ ನಿಂತ ಹಾಗೆ ಬರುವುದೂ ಫ್ಲ್ಯಾಶಿನಿಂದಲೇ. 1/125ರ ಶಟರಿಗೆ ಅಕ್ಕಿ ಕಾಳು ಎಳೆದ ಗೆರೆಯಾಗುತ್ತದೆ. ಮಿಂಚಿನ ಚಿಕ್ಕ ಹೊತ್ತಿಗೆ ಮಾತ್ರ ಅದು ಕಾಳಾಗಿ ಉಳಿಯುತ್ತದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿದ್ದ ಎಂಜಿನಿಯರ್ ಹೆರಾಲ್ಡ್ ಎಡ್ಗರ್ಟನ್ 1930ರ ದಶಕದಲ್ಲಿ ಇದೇ ಗುಣ ಹಿಡಿದು ಹಾಲಿನ ಹನಿ ಸಿಡಿಯುವುದನ್ನು ಫೋಟೊ ತೆಗೆದಿದ್ದರು. ನಮಗೆ ಅಕ್ಷತೆ ಸಾಕು.

ಹೋಮದ ಹೊಗೆ ಎದ್ದಾಗ ಮಾತ್ರ ನೇರ ಹೊಡೆಯಬೇಡಿ. ಹೊಗೆಯೇ ಬಿಳೀ ಗೋಡೆಯಾಗಿ ಎದುರು ನಿಲ್ಲುತ್ತದೆ. ಗಾಳಿ ಎತ್ತಣಿಂದ ಬರುತ್ತಿದೆಯೋ ಆ ಕಡೆಗೆ ಸರಿಯಿರಿ, ಇಲ್ಲ ಫ್ಲ್ಯಾಶ್ ಆಫ್ ಮಾಡಿ ಬೆಂಕಿಯ ಬೆಳಕಿನಲ್ಲೇ ತೆಗೆಯಿರಿ.

## ಗ್ರೂಪ್ ಫೋಟೊ

ಛತ್ರದ ಸೀಲಿಂಗ್ ಎತ್ತರ, ಗೋಡೆ ದೂರ. ಬೌನ್ಸ್, ಅಂದರೆ ಗೋಡೆಗೆ ಹೊಡೆದು ಬೆಳಕು ವಾಪಸ್ ತರುವುದು, ಆಗುವುದಿಲ್ಲ, ನೇರ ಹೊಡೆಯಲೇಬೇಕು. ಆಗ ದೂರದ ಲೆಕ್ಕ ಗೊತ್ತಿರಲಿ. ದೂರ ಎರಡರಷ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಮುಂದಿನ ಸಾಲು ಮೂರು ಮೀಟರ್, ಹಿಂದಿನ ಸಾಲು ನಾಲ್ಕು ಮೀಟರ್ ಇದ್ದರೆ, ಕೂತ ಅಜ್ಜಿಗೆ 100 ಪಾಲು ಬೆಳಕು ಬಿದ್ದಾಗ ಹಿಂದೆ ನಿಂತ ಚಿಕ್ಕಪ್ಪನಿಗೆ 56 ಪಾಲು. ನೀವೇ ಮೂರು ಮೀಟರ್ ಹಿಂದೆ ಹೋಗಿ ಲೆನ್ಸ್ ಜೂಮ್ ಮಾಡಿ. ಆರಕ್ಕೆ ಏಳು ಮೀಟರ್ ಆದಾಗ ಚಿಕ್ಕಪ್ಪನಿಗೆ 73 ಪಾಲು ಸಿಗುತ್ತದೆ. ಫ್ಲ್ಯಾಶ್ ಶಕ್ತಿ ಏರಿಸಬೇಕಾಗುತ್ತದೆ, ಆದರೆ ಎಲ್ಲರ ಮುಖವೂ ಕಾಣುತ್ತದೆ. ಜನರನ್ನು ಗೋಡೆಗೆ ಅಂಟಿಸಿ ನಿಲ್ಲಿಸಬೇಡಿ. ಒಂದೆರಡು ಮೀಟರ್ ಮುಂದೆ ತಂದರೆ ನೆರಳು ಅವರ ಹಿಂದೆ ಕೆಳಗಿಳಿಯುತ್ತದೆ. ಕನ್ನಡಕದವರಿಗೆ ಗದ್ದ ಚೂರು ತಗ್ಗಿಸಲು ಹೇಳಿ, ಗಾಜಿನ ಮೇಲಿನ ಹೊಳಪು ಹೋಗುತ್ತದೆ.

ಮಧ್ಯಾಹ್ನದ ಬಿಸಿಲಿನಲ್ಲಿ ಚಪ್ಪರದ ಹೊರಗೆ ಅರಿಶಿನ ಶಾಸ್ತ್ರ ಇದ್ದರೂ ಫ್ಲ್ಯಾಶ್ ಬೇಕು, ಕಣ್ಣಿನ ಗುಳಿಯ ನೆರಳು ತುಂಬಲು. 1/200, ಎಫ್/11, ಐಎಸ್‌ಒ 100 ಇಟ್ಟರೆ ಬಿಸಿಲು ಸರಿಯಾಗುತ್ತದೆ. ಟಿಟಿಎಲ್ −1 ಇಟ್ಟು ಎರಡು ಮೂರು ಮೀಟರಿನೊಳಗೆ ನಿಲ್ಲಿ. ಅದಕ್ಕಿಂತ ದೂರ ಹೋದರೆ ಬಿಸಿಲಿನ ಮುಂದೆ ಫ್ಲ್ಯಾಶ್ ಏನೇನೂ ಅಲ್ಲ.

## ಹಳದಿ, ನೀಲಿ ಮತ್ತು ಆರತಿ

ಫ್ಲ್ಯಾಶ್ ಬೆಳಕು ಹಗಲಿನ ಬಿಸಿಲಿನ ಬಣ್ಣದ್ದು, ಸುಮಾರು 5500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಅಂಕೆ ಇಳಿದಷ್ಟೂ ಹಳದಿ, ಕೆಂಪು). ಹಳದಿ ಬಲ್ಬ್ 3000ದ ಹತ್ತಿರ. ದೀಪದ ಕುಡಿ ಅದಕ್ಕಿಂತ ಕೆಂಪು. ಆರತಿ ತಟ್ಟೆಯ ಮುಂದೆ ಬರೀ ಫ್ಲ್ಯಾಶ್ ಹೊಡೆದರೆ ಮುಖ ನೀಲಿಗಟ್ಟಿ, ದೀಪದ ಬೆಚ್ಚಗಿನ ಬಣ್ಣ ಸತ್ತೇಹೋಗುತ್ತದೆ.

ಸಿಟಿಒ ಅನ್ನುವ ಕಿತ್ತಳೆ ಬಣ್ಣದ ತೆಳು ಹಾಳೆ ಸಿಗುತ್ತದೆ. ಅದನ್ನು ಫ್ಲ್ಯಾಶ್ ಮೂತಿಗೆ ಹಾಕಿದರೆ ಅದರ ಬೆಳಕೂ ಬಲ್ಬಿನ ಬಣ್ಣಕ್ಕೆ ಬರುತ್ತದೆ. ಸ್ಕೂಲ್ ಡೇಗೆ ತರುವ ಜಿಲೇಟಿನ್ ಪೇಪರ್ ಹಾಕಿ ನೋಡಿದ್ದೇನೆ. ಬಣ್ಣ ಅಂದಾಜಿಗೆ ಸಿಗುವುದಿಲ್ಲ, ಪೂರ್ತಿ ಶಕ್ತಿಯಲ್ಲಿ ಹೊಡೆದರೆ ಮುದುಡಿ ಅಂಟಿಕೊಳ್ಳುತ್ತದೆ. ಆರತಿಗೆ ನನ್ನ ಲೆಕ್ಕ: ಸಿಟಿಒ ಹಾಳೆ, ಶಟರ್ 1/60, ಎಫ್/2.8, ಐಎಸ್‌ಒ 1600, ಫ್ಲ್ಯಾಶ್ ಗೋಡೆಗೆ ತಿರುಗಿಸಿ 1/32. ಫೋಟೊದಲ್ಲಿ ದೀಪವೇ ಯಜಮಾನ, ಫ್ಲ್ಯಾಶ್ ಮುಖದ ನೆರಳನ್ನು ಚೂರು ಎತ್ತಿದರೆ ಸಾಕು.

## ದೀಪಾವಳಿಗೆ ಒಂದು ಆಟ

ಮಕ್ಕಳು ಸುರುಸುರು ಬತ್ತಿ ಹಚ್ಚುವಾಗ ಕ್ಯಾಮೆರಾ ಟ್ರೈಪಾಡ್ ಮೇಲಿಡಿ. ಶಟರ್ 4 ಸೆಕೆಂಡ್, ಎಫ್/8, ಐಎಸ್‌ಒ 100. ಮೆನುವಿನಲ್ಲಿ ರಿಯರ್ ಕರ್ಟನ್ ಅಥವಾ ಎರಡನೇ ಪರದೆ ಸಿಂಕ್ ಹುಡುಕಿ ಆನ್ ಮಾಡಿ. ಮಗು ಬತ್ತಿಯಿಂದ ಗಾಳಿಯಲ್ಲಿ 'ಅ' ಬರೆಯಲಿ. ನಾಲ್ಕು ಸೆಕೆಂಡ್ ಮುಗಿಯುವ ಹೊತ್ತಿಗೆ ಫ್ಲ್ಯಾಶ್ ಹೊತ್ತುತ್ತದೆ. ಬರೆದ ಗೆರೆಯೂ ಬರುತ್ತದೆ, ಬರೆದು ಮುಗಿಸಿ ನಗುತ್ತಿರುವ ಮುಖವೂ ಬರುತ್ತದೆ. ಸಾಮಾನ್ಯ ಸಿಂಕ್‌ನಲ್ಲಿ ಫ್ಲ್ಯಾಶ್ ಮೊದಲೇ ಹೊತ್ತಿ, ಕೊನೆಯ ನಗು ತಪ್ಪಿಹೋಗುತ್ತದೆ. ನಮ್ಮ ಕಡೆಯಿಂದ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ, ಆಮೇಲೆ ಫೋನಿನಲ್ಲಿ ಮಗುಚಿಕೊಳ್ಳಿ.

## ಆಫ್ ಮಾಡಿ ಇಡುವ ಜಾಗ

ಗರ್ಭಗುಡಿಯ ಮುಂದೆ, ಫ್ಲ್ಯಾಶ್ ಬೇಡ ಅಂತ ಬೋರ್ಡ್ ಇರುವ ಮ್ಯೂಸಿಯಂನಲ್ಲಿ ಕೇಳುವ ಪ್ರಶ್ನೆಯೇ ಇಲ್ಲ. ಯಕ್ಷಗಾನದ ರಂಗಸ್ಥಳದ ಎದುರು ಕೂತು ಕುಣಿಯುವವರ ಕಣ್ಣಿಗೆ ಹೊಡೆಯಬೇಡಿ. ಗಿರಕಿ ಹಾಕುವಾಗ ಒಂದು ಕ್ಷಣ ಕಣ್ಣು ಕತ್ತಲಾದರೂ ಕಾಲು ತಪ್ಪುತ್ತದೆ. ರಾತ್ರಿ ರಸ್ತೆ ಬದಿ ಕಂಡ ಪ್ರಾಣಿಗೂ ಬೇಡ. ತೊಟ್ಟಿಲ ಕೂಸಿಗೆ ಹತ್ತಿರದಿಂದ ನೇರ ಬೇಡವೇ ಬೇಡ, ಬೆಚ್ಚಿ ಅತ್ತರೆ ಆಮೇಲೆ ಫೋಟೊನೂ ಇಲ್ಲ, ಅಮ್ಮನ ಕೃಪೆಯೂ ಇಲ್ಲ.

## ಕ್ಯಾಮೆರಾ ಬಿಟ್ಟು ಆಚೆ

ಇಷ್ಟು ಕೈಗೆ ಹತ್ತಿದ ಮೇಲೆ ಒಂದು ಟ್ರಿಗರ್ ಕೊಳ್ಳಿ. ಚಿಕ್ಕ ಡಬ್ಬಿ, ಕ್ಯಾಮೆರಾ ತಲೆ ಮೇಲೆ ಕೂರುತ್ತದೆ, ರೇಡಿಯೋ ಅಲೆಯಿಂದ ದೂರದ ಫ್ಲ್ಯಾಶನ್ನು ಹೊತ್ತಿಸುತ್ತದೆ. ಟಿಟಿ600 ತರದ ಫ್ಲ್ಯಾಶಿನಲ್ಲಿ ಅದನ್ನು ಕೇಳಿಸಿಕೊಳ್ಳುವ ರಿಸೀವರ್ ಒಳಗೇ ಇರುತ್ತದೆ. ಎರಡರಲ್ಲೂ ಚಾನೆಲ್ ಮತ್ತು ಗ್ರೂಪ್ ಒಂದೇ ಇರಲಿ. ಹೊತ್ತದಿದ್ದರೆ ಹತ್ತರಲ್ಲಿ ಎಂಟು ಸಲ ಅದೇ ಕಾರಣ.

ಮೊದಲ ಪ್ರಯೋಗಕ್ಕೆ ಮತ್ತೆ ಅದೇ ಕಾಯಿ. ರಾತ್ರಿ ಎಂಟಕ್ಕೆ ಫ್ಲ್ಯಾಶಿಗೆ ಸಿಟಿಒ ಹಾಳೆ ಹಾಕಿ ಕಿಟಕಿಯ ಆಚೆ, ಕಾಂಪೌಂಡ್ ಗೋಡೆ ಮೇಲೆ ಇಡಿ. ತಲೆ ನೇರ ಕಿಟಕಿಯ ಕಡೆಗಿರಲಿ. ಎಷ್ಟು ದೂರ ಇಟ್ಟರೆ ಸರಳುಗಳ ನೆರಳು ಅಷ್ಟು ಸ್ಪಷ್ಟ. ಒಳಗೆ ಟ್ಯೂಬ್‌ಲೈಟ್ ಹಾಗೇ ಇರಲಿ, 1/200 ಅದನ್ನು ನುಂಗುತ್ತದೆ. ಶಕ್ತಿ 1/4ರಿಂದ ಶುರುಮಾಡಿ, ಫೋಟೊ ನೋಡುತ್ತ ಹೊಂದಿಸಿ. ಸಂಜೆ ಐದೂವರೆಯ ಬಿಸಿಲು ಸರಳು ದಾಟಿ ಬಂದು ಕಾಯಿ ಮೇಲೆ, ಕ್ಯಾಲೆಂಡರ್ ಮೇಲೆ ಪಟ್ಟೆಪಟ್ಟೆಯಾಗಿ ಬಿದ್ದ ಹಾಗೆ ಕಾಣಬೇಕು. ಶುರುಮಾಡುವ ಮುಂಚೆ ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿಬಿಡಿ. ನಮ್ಮ ಬೀದಿಯಲ್ಲಿ ಟ್ರಾನ್ಸ್‌ಫಾರ್ಮರ್ ಸಿಡಿಯಿತು ಅಂತ ಇಬ್ಬರು ಹೊರಗೆ ಬಂದು ನಿಂತಿದ್ದರು.